ಗದ್ದೆ ಇಲಿಯ ರಕ್ತದಲ್ಲಿ ಪರಜೀವಿ ಹುಡುಕೋದು ಹೇಗೆ?

ಭತ್ತದ ಕಟಾವಿನ ಹೊತ್ತು ಇಲಿ ಹಿಡಿಯೋಕೆ ಒಳ್ಳೇ ಕಾಲ. ದಾವಣಗೆರೆ ಸುತ್ತ ಭದ್ರಾ ನಾಲೆ ಹರಿಯುವ ಗದ್ದೆಗಳಲ್ಲಿ ಬದುವಿನ ಬಿಲಗಳನ್ನು ನೋಡಿ. ಬಾಯಿಗೆ ಹೊಸ ಮಣ್ಣು ಗುಡ್ಡೆಯಾಗಿದ್ದರೆ ಒಳಗೆ ಇಲಿ ಇದೆ ಅಂತಲೇ ಲೆಕ್ಕ. ಸಂಜೆ ಬೋನಿಡಿ. ಒಳಗೆ ಶೇಂಗಾ ಎಣ್ಣೆ ಸವರಿದ ಮಂಡಕ್ಕಿ. ನಮ್ಮೂರ ಇಲಿಗೂ ಮಂಡಕ್ಕಿಯೇ ಬೇಕು! ಬಿಸಿಲೇರುವ ಮೊದಲು ಬೋನು ಎತ್ತಿಬಿಡಿ.

ನಮ್ಮ ಲ್ಯಾಬಿಗೆ ಬರುವ ವಿದ್ಯಾರ್ಥಿಗಳು ದಪ್ಪ ಇಲಿ ಸಿಕ್ಕರೆ ಹಿಗ್ಗುತ್ತಾರೆ. ನಾನು ಕೇಳೋದು ಎಳೆ ಇಲಿ. ಟ್ರಿಪನೊಸೋಮಾ ಲೆವಿಸಿ ಎಂಬ ಪರಜೀವಿ ಇಲಿಗೆ ಚಿಗಟದಿಂದ ಬರುತ್ತದೆ. ಚಿಗಟ ಕಚ್ಚಿದ್ದರಿಂದಲ್ಲ. ಇಲಿ ಮೈ ನೆಕ್ಕುವಾಗ ಚಿಗಟವನ್ನೋ ಅದರ ಹಿಕ್ಕೆಯನ್ನೋ ನುಂಗಿದಾಗ. ಕೆಲವು ವಾರಗಳಲ್ಲಿ ಇಲಿಯ ದೇಹವೇ ಅದನ್ನು ಹೊರಹಾಕುತ್ತದೆ, ಆಮೇಲೆ ಅದು ಸುಲಭಕ್ಕೆ ಅಂಟುವುದಿಲ್ಲ. ಹಾಗಾಗಿ ಮುದಿ ಇಲಿಯ ರಕ್ತದಲ್ಲಿ ಏನೂ ಕಾಣದಿದ್ದರೆ ಅದಕ್ಕೆ ಸೋಂಕೇ ತಗುಲಿರಲಿಲ್ಲ ಅಂತ ಬರೆಯಬೇಡಿ.

ಗ್ಲೌಸ್ ಇಲ್ಲದೆ ಇಲಿ ಮುಟ್ಟಬೇಡಿ. ಇಲಿ ಮೂತ್ರದಿಂದ ಇಲಿಜ್ವರ ಬರಬಹುದು. ಅರಿವಳಿಕೆ ಕೊಟ್ಟು ಬಾಲದ ತುದಿಯಿಂದ ರಕ್ತ ತೆಗೆಯೋದು ತರಬೇತಿ ಇದ್ದವರ ಕೆಲಸ. ಎಥಿಕ್ಸ್ ಸಮಿತಿಯ ಅನುಮತಿಯೂ ಮೊದಲೇ ಬೇಕು.

ಮೊದಲ ಹನಿಗೆ ಬಣ್ಣ ಹಾಕಬೇಡಿ. ಸ್ಲೈಡ್ ಮೇಲಿಟ್ಟು, ಕವರ್‌ಸ್ಲಿಪ್ ಮುಚ್ಚಿ, ಹಸಿಯಾಗಿರುವಾಗಲೇ 40ರ ಲೆನ್ಸ್‌ನಲ್ಲಿ ನೋಡಿ. ಪರಜೀವಿ ಇದ್ದರೆ ಮೊದಲು ಕಾಣೋದು ಅದಲ್ಲ, ಅದು ತಳ್ಳಾಡುವ ಕೆಂಪು ಕಣಗಳು. ಒಂದು ಕಡೆ ಗಡಿಬಿಡಿ ಎದ್ದಿರುತ್ತದೆ, ನಮ್ಮ ಎಪಿಎಂಸಿಯ ಹರಾಜಿನ ಹಾಗೆ! ಇದನ್ನು ಬಿಟ್ಟು ನೇರ ಬಣ್ಣಕ್ಕೆ ಹೋಗುವವರೇ ಜಾಸ್ತಿ. ಸುಮ್ನೆ ಹೊತ್ತು ಹಾಳು, ಅಲ್ವಾ?

ಎರಡನೇ ಹನಿಯನ್ನು ಇನ್ನೊಂದು ಸ್ಲೈಡಿನ ಅಂಚಿನಿಂದ ಓರೆಯಾಗಿ, ಒಂದೇ ಸಲಕ್ಕೆ ತೆಳ್ಳಗೆ ಎಳೆಯಿರಿ. ಒಣಗಲಿ. ಮೆಥನಾಲ್‌ನಲ್ಲಿ 2-3 ನಿಮಿಷ ಅದ್ದಿ. ಒಂದು ಪಾಲು ಗೀಮ್ಸಾ ಬಣ್ಣಕ್ಕೆ ಒಂಬತ್ತು ಪಾಲು ಬಫರ್ (ಪಿಎಚ್ ಏರುಪೇರಾಗದಂತೆ ಹಿಡಿದಿಡುವ ದ್ರಾವಣ) ಸೇರಿಸಿ, ಸ್ಲೈಡನ್ನು ಅದರಲ್ಲಿ 20-30 ನಿಮಿಷ ಬಿಡಿ. ಬಫರ್ ಪಿಎಚ್ 7.2 ಇರಲಿ. ಬೋರ್‌ವೆಲ್ ನೀರು ಬೆರೆಸೋ ಜುಗ್ಗತನ ಇಲ್ಲಿ ಬೇಡ, ಬಣ್ಣ ಕೆಡುತ್ತದೆ.

ಎಣ್ಣೆ ಹಾಕಿ 100ರ ಲೆನ್ಸ್‌ನಲ್ಲಿ ಮೊದಲು ಎಳೆದ ರಕ್ತದ ಪದರದ ಅಂಚುಗಳನ್ನೂ ಅದು ತೆಳ್ಳಗಾಗಿ ಮುಗಿಯುವ ಬಾಲದ ಭಾಗವನ್ನೂ ಹುಡುಕಿ, ದೊಡ್ಡ ಪರಜೀವಿಗಳು ಅಲ್ಲೇ ಸೇರಿರುತ್ತವೆ. ಲೆವಿಸಿ ಉದ್ದಕ್ಕೆ, ಬಾಗಿದ ಹಾಗೆ ಕಾಣುತ್ತದೆ. ಚೂಪಾದ ಹಿಂತುದಿಗಿಂತ ಸ್ವಲ್ಪ ಒಳಗೆ ಒಂದು ಕಡು ಚುಕ್ಕೆ ಇರಬೇಕು. ಕೆಂಪು ಕಣದ ಮೇಲೆ ಚುಕ್ಕೆಯಂತೆ ಕೂತ ಪ್ಲೇಟ್‌ಲೆಟ್ ನೋಡಿ ಬೇಬೀಸಿಯಾ (ಕೆಂಪು ಕಣದ ಒಳಗೇ ಇರುವ ಇನ್ನೊಂದು ಪರಜೀವಿ) ಅನ್ನಬೇಡಿ. ಫೋಕಸ್ ಸ್ವಲ್ಪ ತಿರುಗಿಸಿ. ಚುಕ್ಕೆಯೂ ಕಣವೂ ಬೇರೆ ಬೇರೆ ಮಟ್ಟದಲ್ಲಿ ಸ್ಪಷ್ಟವಾದರೆ ಅದು ಮೇಲೆ ಕೂತದ್ದು, ಒಳಗಿನದಲ್ಲ.