ಬೊಲೆರೊ ಮೇಲೆ ನಾಲ್ಕು ದೀಪ: ನಾನು ಹಾಕಿದ ಬಗೆ

ನಮ್ಮ ಕಾಫಿ ತೋಟ ಸಕಲೇಶಪುರದ ಕಡೆ. ಕೊಯ್ದ ಹಣ್ಣನ್ನು ಅಂದೇ ಸಿಪ್ಪೆ ಸುಲಿಯುವ ಪಲ್ಪರ್‌ಗೆ ಹಾಕಬೇಕು, ಹಾಗಾಗಿ ಕೊಯ್ಲಿನ ಕಾಲದಲ್ಲಿ ಕತ್ತಲಾದ ಮೇಲೂ ಗಾಡಿ ಓಡುತ್ತಲೇ ಇರುತ್ತದೆ. ಮಣ್ಣು ದಾರಿಯಲ್ಲಿ ಏರು ಮುಗಿಯುವ ಜಾಗವೇ ಕಷ್ಟ. ಹೆಡ್‌ಲೈಟ್ ಆಕಾಶ ನೋಡುತ್ತದೆ, ಮುಂದಿನ ಇಳಿಜಾರು ಕಾಣುವುದೇ ಇಲ್ಲ. ಎತ್ತರದಿಂದ, ಸ್ವಲ್ಪ ಕೆಳಮುಖವಾಗಿ ಬೆಳಕು ಬೀಳಬೇಕಿತ್ತು.

ಆದರೆ 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 111ನೇ ನಿಯಮ ಇದೆ. ಆರ್‌ಟಿಒ ಅನುಮತಿ ಇಲ್ಲದೆ ಸ್ಪಾಟ್‌ಲೈಟ್ ಹಾಕುವ ಹಾಗಿಲ್ಲ. ಅದಕ್ಕೇ ಟಾಪ್ ಮೇಲೆ ದೀಪ ಹೊರುವ ಬಾರನ್ನು, ರಸ್ತೆಗೆ ಇಳಿಯುವಾಗ ಬಿಚ್ಚಿಡಬಹುದಾದ ಹಾಗೆ ಮಾಡಿಸಿದೆ. ಹಳೆಯ ಬೊಲೆರೊಗೆ ಮಳೆನೀರು ಹರಿಯುವ ಅಂಚು ಇದೆಯಲ್ವಾ, ಅದಕ್ಕೆ ಕ್ಲಾಂಪ್ ಕೂರುತ್ತದೆ. ಟಾಪ್‌ಗೆ ತೂತು ಹೊಡೆಯುವುದು ಬೇಡ. ನಮ್ಮ ಮಳೆಗೆ ಆ ತೂತು ಯಾವತ್ತಿದ್ದರೂ ಸೋರುತ್ತದೆ.

ದೀಪ 27 ವ್ಯಾಟ್‌ನ ನಾಲ್ಕು ಎಲ್‌ಇಡಿ. ಒಟ್ಟು 108 ವ್ಯಾಟ್, 12 ವೋಲ್ಟ್‌ಗೆ 9 ಆಂಪಿಯರ್. 55 ವ್ಯಾಟ್‌ನ ಹ್ಯಾಲೊಜೆನ್ ನಾಲ್ಕು ಹಾಕಿದ್ದರೆ 18 ಆಂಪಿಯರ್ ದಾಟುತ್ತಿತ್ತು.

ವೈರಿಂಗ್‌ಗೆ ಸಮಯ ಕೊಡಿ. ದೀಪದ ಇಡೀ ಕರೆಂಟನ್ನು ಡ್ಯಾಶ್‌ಬೋರ್ಡ್ ಸ್ವಿಚ್ ಮೂಲಕ ಎಳೆದರೆ ಸ್ವಿಚ್ ಸುಡುತ್ತದೆ. ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ರಿಲೇ ಬೇಕೇ ಬೇಕು. ಬ್ಯಾಟರಿ ಪಾಸಿಟಿವ್‌ನಿಂದ ಒಂದು ಗೇಣಿನೊಳಗೆ 15 ಆಂಪಿಯರ್ ಫ್ಯೂಸ್, ಅಲ್ಲಿಂದ ರಿಲೇಯ 30 ನಂಬರಿನ ಪಿನ್ನಿಗೆ, 87ರಿಂದ ದೀಪಕ್ಕೆ. ಉಳಿದ 85, 86 ಕಾಯಿಲ್‌ಗೆ: ಒಂದು ಅರ್ತ್‌ಗೆ, ಇನ್ನೊಂದು ಸ್ವಿಚ್‌ಗೆ. ಆ ಸ್ವಿಚ್‌ಗೆ ಕರೆಂಟನ್ನು ಹೈಬೀಮ್ ವೈರಿನಿಂದ ತೆಗೆದುಕೊಂಡೆ. ಎದುರಿಗೆ ಕೆಲಸದವರು ನಡೆದು ಬರುತ್ತಿದ್ದರೆ ಡಿಪ್ ಮಾಡಿದರೆ ಸಾಕು, ಮೇಲಿನ ನಾಲ್ಕೂ ಆರುತ್ತವೆ. ಯಾರ ಕಣ್ಣಿಗೂ ಹೊಡೆಯಬಾರದು, ನನಗೆ ಅದು ಮುಖ್ಯ.

ದೀಪದ ಅರ್ತ್ ವೈರನ್ನು ಗಾಡಿಯ ಮೈಗೆ ಸೇರಿಸದೆ ಬ್ಯಾಟರಿ ನೆಗೆಟಿವ್‌ವರೆಗೂ ತಂದೆ. ಪೇಂಟು, ತುಕ್ಕು ಇರುವ ಕಡೆ ಅರ್ತ್ ನಂಬಲಾಗದು. ವೈರು ಒಳಗೆ ಹೋಗುವ ಮುಂಚೆ ಕೆಳಕ್ಕೆ ಒಂದು ಬಾಗು ಕೊಟ್ಟರೆ ನೀರು ಅಲ್ಲೇ ತೊಟ್ಟಿಕ್ಕಿ ಬೀಳುತ್ತದೆ. ಬಾರ್ ಬಿಚ್ಚುವ ಜಾಗದಲ್ಲಿ ವಾಟರ್‌ಪ್ರೂಫ್ ಕನೆಕ್ಟರ್, ನಟ್ಟುಗಳೆಲ್ಲ ಅದುರಿದರೂ ಸಡಿಲವಾಗದ ನೈಲಾಕ್.

ದೀಪ ತಿರುಗಿಸಿ ಕೂರಿಸುವುದಕ್ಕೂ ಅಷ್ಟೇ ತಾಳ್ಮೆ ಬೇಕು. ಬಾರ್ ತೀರಾ ಮುಂದಿದ್ದರೆ ಬೆಳಕು ಬಾನೆಟ್ ಮೇಲೆ ಬಿದ್ದು ಕಣ್ಣಿಗೇ ವಾಪಸ್ ಬರುತ್ತದೆ. ಒಂದು ಗೇಣು ಹಿಂದಕ್ಕೆ ಸರಿಸಿದರೆ ಟಾಪ್‌ನ ಅಂಚೇ ಅದಕ್ಕೆ ಮರೆ. ನಡುವಿನ ಎರಡನ್ನು ನೇರಕ್ಕೆ, ಅಂಚಿನ ಎರಡನ್ನು ಹೊರಕ್ಕೆ ತಿರುಗಿಸಿದೆ. ತಿರುವುಗಳೇ ಜಾಸ್ತಿ ಇರುವ ನಮ್ಮ ದಾರಿಗೆ ಉದ್ದ ಬೆಳಕಿಗಿಂತ ಅಗಲ ಬೆಳಕೇ ಮೇಲು. ಕೆಳಗಿನ ಹೆಡ್‌ಲೈಟ್ ಮಾತ್ರ ಆರಿಸಬೇಡಿ. ಕಣ್ಣಿನ ಮಟ್ಟಕ್ಕೆ ಹತ್ತಿರದಿಂದ ಬರುವ ಬೆಳಕಿಗೆ ಗುಂಡಿಯ ನೆರಳು ಕಾಣುವುದಿಲ್ಲ, ಆಳವೂ ತಿಳಿಯುವುದಿಲ್ಲ.

ಮಂಜು ಇಳಿದರೆ ಇವು ದಂಡ. ಮುಂದೆ ಬಿಳಿ ಗೋಡೆ ಎದ್ದ ಹಾಗಾಗುತ್ತದೆ. ಆಗ ಬಂಪರ್ ಕೆಳಗಿನ ಹಳದಿ ಫಾಗ್‌ಲೈಟೇ ಗತಿ.