ಐದು ಸ್ಟಾರ್ ನೋಡಿ ಪುಸ್ತಕ ತರಿಸುವ ಮುಂಚೆ

ನನ್ನ ಕಪಾಟಿನ ಕೆಳಗಿನ ಸಾಲಿನಲ್ಲಿ ಒಂದು ಕಾದಂಬರಿ ಇದೆ. 4.82 ರೇಟಿಂಗ್ ನೋಡಿ ತರಿಸಿದ್ದು. ಮೂವತ್ತನೇ ಪುಟದಲ್ಲಿ ಗುರುತಿಗೆ ಇಟ್ಟ ಬಸ್ ಟಿಕೆಟ್ ಇನ್ನೂ ಅಲ್ಲೇ ಇದೆ, ಅದರ ಅಕ್ಷರವೆಲ್ಲ ಅಳಿಸಿ ಬರೀ ಬಿಳಿ ಚೀಟಿಯಾಗಿದೆ, ನಾನು ಮಾತ್ರ ಮೂವತ್ತೊಂದನೇ ಪುಟಕ್ಕೆ ಹೋಗಿಲ್ಲ. ಒಂದು ದಿನ ಸುಮ್ನೆ ಕೂತಿದ್ದಾಗ, ಓದುಗರು ಪುಸ್ತಕಗಳಿಗೆ ಸ್ಟಾರ್ ಕೊಟ್ಟು ರಿವ್ಯೂ ಬರೆಯುವ ಜಾಲತಾಣ ಗುಡ್‌ರೀಡ್ಸ್‌ನಲ್ಲಿ ಆ ಪುಸ್ತಕದ ಪುಟವನ್ನು ಮತ್ತೆ ತೆರೆದೆ. ಸ್ಟಾರ್ ಕೊಟ್ಟವರು ಒಟ್ಟು 11 ಜನ. ಒಂಬತ್ತು ಜನ ಐದು, ಇಬ್ಬರು ನಾಲ್ಕು. ಆ ಒಂಬತ್ತರಲ್ಲಿ ಆರು ಜನ ಅಲ್ಲಿ ಸ್ಟಾರ್ ಕೊಟ್ಟಿದ್ದೇ ಇದೊಂದು ಪುಸ್ತಕಕ್ಕೆ. ಮದುವೆ ಊಟ ಹೇಗಿತ್ತು ಅಂತ ಹುಡುಗಿಯ ಸೋದರಮಾವನನ್ನೇ ಕೇಳಿದ ಹಾಗಾಗಿತ್ತು ನನ್ನ ಕತೆ.

ಆಮೇಲೆ ಗುಡ್‌ರೀಡ್ಸ್ ಬಿಟ್ಟೆ ಅಂತಲ್ಲ. ಈಗಲೂ ದಿನಕ್ಕೆ ನಾಲ್ಕು ಸಲ ನೋಡುತ್ತೇನೆ. ನೋಡುವ ಕ್ರಮ ಬದಲಾಗಿದೆ ಅಷ್ಟೆ. ಅದನ್ನೇ ಇಲ್ಲಿ ಬರೆಯುತ್ತೇನೆ.

ಮೊದಲು ಸ್ಟಾರ್‌ಗೆ ಅಲ್ಲಿ ಏನರ್ಥ ಅಂತ ತಿಳಿದುಕೊಳ್ಳಿ. ಗುಡ್‌ರೀಡ್ಸ್‌ನ ಲೆಕ್ಕದಲ್ಲಿ ಒಂದು ಅಂದರೆ ಇಷ್ಟವಾಗಲಿಲ್ಲ, ಎರಡು ಅಂದರೆ ಪರವಾಗಿಲ್ಲ, ಮೂರು ಅಂದರೆ ಇಷ್ಟವಾಯಿತು, ನಾಲ್ಕು ಅಂದರೆ ತುಂಬಾ ಇಷ್ಟವಾಯಿತು, ಐದು ಅಂದರೆ ಅದ್ಭುತ. ಅಂದರೆ ಮೂರು ಅಲ್ಲಿ ಒಳ್ಳೆಯ ಮಾರ್ಕು! ಆದರೆ ಊಟ ತರಿಸುವ ಆ್ಯಪ್, ಆಟೋ ಕರೆಯುವ ಆ್ಯಪ್‌ಗಳಲ್ಲಿ ಐದಕ್ಕಿಂತ ಕಡಿಮೆ ಕೊಟ್ಟರೆ ಯಾರದೋ ಹೊಟ್ಟೆ ಮೇಲೆ ಹೊಡೆದ ಹಾಗೆ ಅಂತ ನಾವೆಲ್ಲ ಕಲಿತುಬಿಟ್ಟಿದ್ದೇವೆ, ಅದೇ ಅಭ್ಯಾಸ ಇಲ್ಲಿಗೂ ಬಂದಿದೆ. ಹಾಗಾಗಿ ಒಬ್ಬರ ಮೂರು ಇನ್ನೊಬ್ಬರ ಐದಕ್ಕೆ ಸಮ. ಅರ್ಧ ಸ್ಟಾರ್ ಕೊಡುವುದಕ್ಕೂ ಅಲ್ಲಿ ಆಗುವುದಿಲ್ಲ. ಅದು ಬೇಕು ಅನ್ನುವವರಿಗೆ ಸ್ಟೋರಿಗ್ರಾಫ್ ಅನ್ನುವ ಇಂಥದ್ದೇ ಇನ್ನೊಂದು ತಾಣ ಇದೆ, ಅಲ್ಲಿ ಕಾಲು ಸ್ಟಾರ್‌ವರೆಗೂ ಅಳೆದು ಕೊಡಬಹುದು, ಅರ್ಧಕ್ಕೆ ಬಿಟ್ಟೆ ಅಂತಲೂ ಗುರುತು ಮಾಡಬಹುದು.

ಎರಡನೆಯದು, ಸರಾಸರಿ ನೋಡುವ ಮುಂಚೆ ಎಷ್ಟು ಜನ ಅಂತ ನೋಡಿ. ಕೆಲವೇ ಜನ ಕೊಟ್ಟ ಸ್ಟಾರ್ ಆಗಿದ್ದರೆ ಆ ಸಂಖ್ಯೆಯನ್ನು ಮರೆತುಬಿಡಿ. ಕನ್ನಡದ ಎಷ್ಟೋ ಒಳ್ಳೆಯ ಪುಸ್ತಕಗಳಿಗೆ ಅಲ್ಲಿ ಐದಾರು ಜನವೂ ಸ್ಟಾರ್ ಕೊಟ್ಟಿರುವುದಿಲ್ಲ, ಅದರಿಂದ ಏನೂ ಗೊತ್ತಾಗುವುದಿಲ್ಲ. ಹಾಗೇ ಸರಣಿ ಪುಸ್ತಕಗಳ ಎರಡನೇ, ಮೂರನೇ ಭಾಗಕ್ಕೆ ರೇಟಿಂಗ್ ಜಾಸ್ತಿ ಇದ್ದರೆ ಮರುಳಾಗಬೇಡಿ. ಮೊದಲ ಭಾಗ ಹಿಡಿಸದವರು ಅಲ್ಲೇ ಬಿಟ್ಟು ಹೋಗಿರುತ್ತಾರೆ, ಮುಂದೆ ಉಳಿದವರೆಲ್ಲ ಭಕ್ತರೇ ಅಲ್ವಾ. ಅಮೆರಿಕದ ಶಾಲೆಗಳಲ್ಲಿ ಪಠ್ಯವಾದ ಹಳೆಯ ಕಾದಂಬರಿಗಳಿಗೆ ಇದರ ಉಲ್ಟಾ: ಹದಿನಾರನೇ ವಯಸ್ಸಿನಲ್ಲಿ ಮೇಷ್ಟ್ರ ಬಲವಂತಕ್ಕೆ ಓದಿದವರು ಬಂದು ಸಿಟ್ಟು ತೀರಿಸಿಕೊಂಡಿರುತ್ತಾರೆ.

ಮೂರನೆಯದೇ ಮುಖ್ಯ. ಪುಸ್ತಕ ಬಿಡುಗಡೆ ಆದದ್ದು ಯಾವಾಗ, ರಿವ್ಯೂ ಬಿದ್ದದ್ದು ಯಾವಾಗ? ಗುಡ್‌ರೀಡ್ಸ್‌ನಲ್ಲಿ ಪುಸ್ತಕ ಇನ್ನೂ ಅಚ್ಚಾಗುವ ಮುಂಚೆಯೇ ಸ್ಟಾರ್ ಕೊಡಬಹುದು. ಪ್ರಕಾಶಕರು ಕೆಲವರಿಗೆ ಮುಂಗಡ ಪ್ರತಿ ಕಳಿಸುತ್ತಾರೆ, ಅವರು ಬರೆಯಲಿ ಅಂತ ಈ ವ್ಯವಸ್ಥೆ. ಆದರೆ ನೀವು ಆ ಪ್ರತಿ ಓದಿದ್ದೀರಾ ಅಂತ ಯಾರೂ ಕೇಳುವುದಿಲ್ಲ. ಇದರಿಂದ ಏನಾಗುತ್ತದೆ ಅಂತ 2023ರಲ್ಲಿ ಎರಡು ಸಲ ನೋಡಿದೆವು.

ಜೂನ್‌ನಲ್ಲಿ ಅಮೆರಿಕದ ಲೇಖಕಿ ಎಲಿಜಬೆತ್ ಗಿಲ್ಬರ್ಟ್ ತಮ್ಮ ಹೊಸ ಕಾದಂಬರಿ ಬರುತ್ತಿದೆ ಅಂತ ಹೇಳಿಕೊಂಡರು. ಕತೆ ನಡೆಯುವುದು ಸೈಬೀರಿಯಾದಲ್ಲಿ, ಕಳೆದ ಶತಮಾನದಲ್ಲಿ. ಉಕ್ರೇನ್ ಮೇಲೆ ಯುದ್ಧ ನಡೆಯುತ್ತಿರುವಾಗ ರಷ್ಯಾದ ಕತೆ ಯಾಕೆ ಅಂತ ಜನ ಸಿಟ್ಟಾದರು. ಕೆಲವೇ ದಿನಗಳಲ್ಲಿ ಒಂದು ಸ್ಟಾರ್ ರಿವ್ಯೂಗಳು 500 ದಾಟಿದವು. ಪುಸ್ತಕ ಬರಬೇಕಿದ್ದದ್ದು ಮುಂದಿನ ಫೆಬ್ರವರಿಗೆ, ಬೈದವರು ಅದರ ಒಂದು ಪುಟವನ್ನೂ ನೋಡಿರಲಿಲ್ಲ. ಗಿಲ್ಬರ್ಟ್ ತಾವೇ ಪ್ರಕಟಣೆಯನ್ನು ಮುಂದೂಡಿದರು. ಉಕ್ರೇನಿನವರ ನೋವು ಸುಳ್ಳಲ್ಲ, ಅದನ್ನು ಹೇಳಿಕೊಳ್ಳುವ ಹಕ್ಕೂ ಅವರಿಗಿದೆ. ಆದರೆ ಪುಸ್ತಕ ಹೇಗಿದೆ ಅಂತ ತಿಳಿಯಲು ಬಂದವನಿಗೆ ಅಲ್ಲಿ ಸಿಕ್ಕಿದ್ದು ಬೇರೆ ಜಗಳ. ಹೀಗೆ ಗುಂಪಾಗಿ ಬಂದು ಒಂದು ಪುಸ್ತಕದ ಮೇಲೆ ಒಂದೊಂದು ಸ್ಟಾರ್ ಸುರಿಯುವುದಕ್ಕೆ ರಿವ್ಯೂ ಬಾಂಬಿಂಗ್ ಅನ್ನುತ್ತಾರೆ.

ಎರಡನೆಯದು ಡಿಸೆಂಬರ್‌ನದು. ಇದು ಇನ್ನೂ ವಿಚಿತ್ರ. ಮೊದಲ ಕಾದಂಬರಿ ಬರಬೇಕಿದ್ದ ಬರಹಗಾರರೊಬ್ಬರು ಸುಳ್ಳು ಖಾತೆಗಳನ್ನು ತೆರೆದು, ತಮ್ಮಂತೆಯೇ ಮೊದಲ ಪುಸ್ತಕ ತರುತ್ತಿದ್ದ ಬೇರೆಯವರಿಗೆ ಒಂದೊಂದು ಸ್ಟಾರ್ ಒತ್ತಿದರು. ಸಿಕ್ಕಿಬಿದ್ದದ್ದು ಹೇಗೆ ಅಂದರೆ, ಅದೇ ಖಾತೆಗಳಿಂದ ತಮ್ಮ ಪುಸ್ತಕಕ್ಕೆ ಐದೈದು ಸ್ಟಾರ್ ಕೊಟ್ಟುಕೊಂಡಿದ್ದರು! ಜನ ಸ್ಕ್ರೀನ್‌ಶಾಟ್ ಜೋಡಿಸಿ ಎಲ್ಲರ ಮುಂದೆ ಇಟ್ಟರು. ಮೊದಲು ಯಾರೋ ಫ್ರೆಂಡ್ ಮಾಡಿದ್ದು ಅಂದರು, ಆಮೇಲೆ ತಾವೇ ಅಂತ ಒಪ್ಪಿಕೊಂಡರು. ಪ್ರಕಾಶಕರು ಪುಸ್ತಕವನ್ನೇ ಕೈಬಿಟ್ಟರು. ಗುಡ್‌ರೀಡ್ಸ್ ಈಗ ಇಂಥ ಗಲಾಟೆ ಕಂಡರೆ ಸ್ವಲ್ಪ ಕಾಲ ಆ ಪುಸ್ತಕದ ರಿವ್ಯೂಗಳಿಗೆ ತಡೆ ಹಾಕುತ್ತದೆ, ಆದರೆ ಎಲ್ಲದಕ್ಕೂ ಹಾಕುತ್ತಾ ಕೂರಲು ಆಗುತ್ತದಾ?

ಇದರಿಂದ ನಾವು ಕಲಿಯಬೇಕಾದ ಕೆಲಸ ಸಣ್ಣದು. ಅನುಮಾನ ಬಂದ ರಿವ್ಯೂದ ಹೆಸರನ್ನು ಒತ್ತಿ ಆ ವ್ಯಕ್ತಿಯ ಪುಟಕ್ಕೆ ಹೋಗಿ. ಎಷ್ಟು ಪುಸ್ತಕ ಇವೆ, ಯಾವಾಗಿನಿಂದ ಇದ್ದಾರೆ, ಎಲ್ಲಕ್ಕೂ ಐದೇನಾ ಅಥವಾ ಎಲ್ಲಕ್ಕೂ ಒಂದೇನಾ. ಒಂದು ನಿಮಿಷದ ಕೆಲಸ. ಆಮೇಲೆ ಐದನ್ನೂ ಒಂದನ್ನೂ ಪಕ್ಕಕ್ಕೆ ಇಟ್ಟು ಮೂರು ಸ್ಟಾರ್‌ನವರು ಬರೆದದ್ದನ್ನು ಮಾತ್ರ ಆರಿಸಿ ಓದಿ. ಅವರಿಗೆ ಪುಸ್ತಕದ ಮೇಲೆ ಪ್ರೀತಿಯೂ ಇಲ್ಲ, ಹಗೆಯೂ ಇಲ್ಲ, ಎಲ್ಲಿ ಎಳೆದಿದೆ, ಎಲ್ಲಿ ಚೆನ್ನಾಗಿದೆ ಅಂತ ಹೇಳುವ ತಾಳ್ಮೆ ಇರುತ್ತದೆ. 'ಮಧ್ಯದ ನೂರು ಪುಟ ಬರೀ ಅಡುಗೆಯ ವರ್ಣನೆ' ಅಂತ ಒಬ್ಬರು ಬೇಸರದಿಂದ ಬರೆದಿದ್ದನ್ನು ನೋಡಿಯೇ ನಾನು ಒಂದು ಪುಸ್ತಕ ತರಿಸಿದ್ದೇನೆ. ನನಗೆ ಬೇಕಿದ್ದದ್ದೇ ಆ ನೂರು ಪುಟ.

ಇಲ್ಲಿ ಒಂದು ಹಳೆಯ ವಿಷಯ ಹೇಳಬೇಕು. ಗುಡ್‌ರೀಡ್ಸ್ 2007ರಲ್ಲಿ ಶುರುವಾಗಿದ್ದು, 2013ರಲ್ಲಿ ಅಮೆಜಾನ್ ಅದನ್ನು ಕೊಂಡುಕೊಂಡಿತು. ಅಂಗಡಿಯವನೇ ವಿಮರ್ಶಕರ ಸಂಘವನ್ನು ಕೊಂಡ ಹಾಗೆ ಅಂತ ಆಗ ಎಷ್ಟೋ ಜನ ಬೇಸರ ಮಾಡಿಕೊಂಡರು, ಕೆಲವರು ಲೈಬ್ರರಿಥಿಂಗ್ ಅನ್ನುವ ಇಂಥದ್ದೇ ಬೇರೆ ತಾಣದ ಕಡೆಗೆ ಹೋದರು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ, ಪುಸ್ತಕ ಬಿಟ್ಟು ಲೇಖಕರ ನಡತೆಯ ಬಗ್ಗೆ ಬರೆದ ರಿವ್ಯೂಗಳನ್ನು ಕೆಲವರಿಗೆ ಹೇಳದೆ ಕೇಳದೆ ಅಳಿಸಿದಾಗ ದೊಡ್ಡ ರಂಪವಾಯಿತು, ಮುನ್ಸೂಚನೆ ಕೊಡದೆ ಅಳಿಸಿದ್ದಕ್ಕೆ ಕಂಪನಿ ಕ್ಷಮೆಯನ್ನೂ ಕೇಳಿತು. ನನ್ನ ಅಭಿಪ್ರಾಯ ಕೇಳಿದರೆ, ಎರಡೂ ಕಡೆಯವರಿಗೂ ಅರ್ಧರ್ಧ ಸರಿ. ಆದರೆ ನೀವು ಬರೆದ ರಿವ್ಯೂಗಳ ಒಂದು ಪ್ರತಿಯನ್ನು ನಿಮ್ಮ ಬಳಿ ಇಟ್ಟುಕೊಳ್ಳಿ. ಎಕ್ಸ್‌ಪೋರ್ಟ್ ಮಾಡುವ ಸೌಲಭ್ಯ ಇದೆ, ವರ್ಷಕ್ಕೊಮ್ಮೆ ಮಾಡಿದರೆ ಸಾಕು.

ಕನ್ನಡ ಪುಸ್ತಕ ಹುಡುಕುವಾಗ ಎರಡೆರಡು ಸಲ ಹುಡುಕಿ. ಕನ್ನಡ ಲಿಪಿಯಲ್ಲಿ ಒಮ್ಮೆ, ಇಂಗ್ಲಿಷ್ ಅಕ್ಷರದಲ್ಲಿ ಒಮ್ಮೆ. ಒಂದೇ ಪುಸ್ತಕವನ್ನು ಒಬ್ಬರು ಕನ್ನಡದಲ್ಲಿ ಸೇರಿಸಿರುತ್ತಾರೆ, ಇನ್ನೊಬ್ಬರು ಒಂದು 'ಎ' ಹಾಕಿ, ಮತ್ತೊಬ್ಬರು ದೀರ್ಘ ಬರಲಿ ಅಂತ ಎರಡು 'ಎ' ಹಾಕಿ. ಮೂರು ಕಡೆ ಮೂರು ರೇಟಿಂಗ್, ಮೂರು ಕಡೆ ಹಂಚಿಹೋದ ರಿವ್ಯೂ. ಅಲ್ಲಿ ಲೈಬ್ರೇರಿಯನ್ ಅಂತ ಕರೆಯುವ ಸ್ವಯಂಸೇವಕರು ಇರುತ್ತಾರೆ, ಅವರ ಗುಂಪಿನಲ್ಲಿ ಕೇಳಿದರೆ ಇವನ್ನು ಒಂದು ಮಾಡಿಕೊಡುತ್ತಾರೆ.

ನಿಜ ಹೇಳಬೇಕೆಂದರೆ ಕನ್ನಡದ ಪುಸ್ತಕಗಳ ಮಾತುಕತೆ ಜಾಸ್ತಿ ನಡೆಯುವುದು ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸಾಪ್ ಗುಂಪುಗಳಲ್ಲಿ. ಅಲ್ಲಿ ಸ್ಟಾರ್ ಇಲ್ಲ, ಹೊಗಳಿಕೆ ಇದೆ. ಕೊರಿಯರ್ ಕವರ್ ಹರಿದು, ಪುಸ್ತಕ ಎದೆಗೆ ಹಿಡಿದು 'ಇಂದು ಕೈಸೇರಿದ ಪುಸ್ತಕ, ಧನ್ಯವಾದಗಳು ಸರ್' ಅಂತ ಹಾಕುವುದು ರಿವ್ಯೂ ಅಲ್ಲ, ರಸೀದಿ. ಓದಿದ ಮೇಲೆ ಬರೆಯುವವರಲ್ಲೂ ಒಂದು ಗುಪ್ತ ಭಾಷೆ ಇದೆ. ಇಲ್ಲಿ ಬರೆದವರು, ಓದಿದವರು, ಬೆನ್ನುಡಿ ಕೊಟ್ಟವರು ಎಲ್ಲರೂ ಮುಂದಿನ ವಾರದ ಪುಸ್ತಕ ಬಿಡುಗಡೆಯಲ್ಲಿ ಒಂದೇ ಸಾಲಿನಲ್ಲಿ ಕೂತು ಉಪ್ಪಿಟ್ಟು ತಿನ್ನಬೇಕು, ಹಾಗಾಗಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನನ್ನ ನಿಘಂಟು ಹೀಗಿದೆ. 'ಓದಿಸಿಕೊಂಡು ಹೋಗುತ್ತದೆ' ಅಂದರೆ ಬೇಗ ಮುಗಿಯುತ್ತದೆ, ನೆನಪಿನಲ್ಲಿ ಉಳಿಯುತ್ತದೆ ಅಂತ ಹೇಳಿಲ್ಲ. 'ಗಂಭೀರ ಓದನ್ನು ಬೇಡುವ ಕೃತಿ' ಅಂದರೆ ಬರೆದವರು ನಲವತ್ತನೇ ಪುಟದಲ್ಲಿ ಸಿಕ್ಕಿಕೊಂಡಿದ್ದಾರೆ. 'ಭರವಸೆಯ ಬರಹಗಾರ' ಅಂದರೆ ಇವರ ಮುಂದಿನ ಪುಸ್ತಕಕ್ಕೆ ಕಾಯಿರಿ. 'ಪ್ರತಿಯೊಬ್ಬರ ಮನೆಯಲ್ಲೂ ಇರಬೇಕಾದ ಸಂಗ್ರಹಯೋಗ್ಯ ಗ್ರಂಥ' ಅಂದರೆ ಇಡಿ, ಓದಬೇಕಿಲ್ಲ. 'ಮುದ್ರಣ ಅಚ್ಚುಕಟ್ಟಾಗಿದೆ, ಮುಖಪುಟ ಸೊಗಸಾಗಿದೆ' ಅಂತ ಕೊನೆ ಮಾಡಿದ್ದರೆ ಇನ್ನು ಕೇಳಲೇಬೇಡಿ.

ಹಾಗಾದರೆ ಯಾರನ್ನು ನಂಬುವುದು? ನಿಮಗೆ ತುಂಬಾ ಇಷ್ಟವಾದ, ಆದರೆ ಎಲ್ಲರೂ ಓದದ ಎರಡು ಮೂರು ಪುಸ್ತಕ ಆರಿಸಿಕೊಳ್ಳಿ. ಅವುಗಳ ಬಗ್ಗೆ ಯಾರು ಚೆನ್ನಾಗಿ ಬರೆದಿದ್ದಾರೆ ನೋಡಿ. ಅವರು ಬೇರೆ ಏನು ಓದಿದ್ದಾರೆ, ಯಾವುದನ್ನು ಅರ್ಧಕ್ಕೆ ಬಿಟ್ಟಿದ್ದಾರೆ ನೋಡಿ. ಹಾಗೆ ಹುಡುಕಿದರೆ ನಿಮ್ಮ ನಾಲಿಗೆಗೆ ಹೊಂದುವ ಐದಾರು ಜನ ಸಿಗುತ್ತಾರೆ, ಅವರನ್ನು ಫಾಲೋ ಮಾಡಿ. ನಾನು ನೋಡುವವರಲ್ಲಿ ಒಬ್ಬರಿದ್ದಾರೆ, ಅವರಿಗೆ ಇಷ್ಟವಾದದ್ದು ನನಗೆ ಯಾವತ್ತೂ ಹಿಡಿಸುವುದಿಲ್ಲ. ಅವರು ಒಂದು ಸ್ಟಾರ್ ಕೊಟ್ಟರೆ ಆರ್ಡರ್ ಮಾಡುತ್ತೇನೆ. ಅದೂ ಒಂದು ಬಗೆಯ ನಂಬಿಕೆಯೇ.

ಇನ್ನು ಕೊಳ್ಳುವ ವಿಷಯ. ಇಂಗ್ಲಿಷ್ ಪುಸ್ತಕಕ್ಕೆ ಒಂದು ನಿಯಮ, ಕನ್ನಡದ್ದಕ್ಕೆ ಇನ್ನೊಂದು. ರೀಲ್‌ಗಳಲ್ಲಿ ಎಲ್ಲರ ಕೈಯಲ್ಲೂ ಕಾಣುವ ಇಂಗ್ಲಿಷ್ ಕಾದಂಬರಿಯನ್ನು ಕಾರ್ಟ್‌ಗೆ ಹಾಕಿ ಒಂದು ತಿಂಗಳು ಮರೆತುಬಿಡಿ. ಅದು ಎಲ್ಲೂ ಹೋಗುವುದಿಲ್ಲ, ಬೆಲೆ ಇಳಿಯುತ್ತದೆ, ಆರು ತಿಂಗಳಾದರೆ ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನ ಅಂಗಡಿಗಳಲ್ಲಿ ಸೆಕೆಂಡ್ ಹ್ಯಾಂಡ್‌ನಲ್ಲೇ ಸಿಕ್ಕರೂ ಸಿಗಬಹುದು. ತಿಂಗಳಾದ ಮೇಲೂ ಆಸೆ ಇದ್ದರೆ ತೆಗೆದುಕೊಳ್ಳಿ. ಕನ್ನಡದಲ್ಲಿ ಹೀಗೆ ಕಾದರೆ ಕೆಟ್ಟಿರಿ. ಸಾವಿರ ಪ್ರತಿ, ಕೆಲವೊಮ್ಮೆ ಅದಕ್ಕಿಂತ ಕಡಿಮೆ ಅಚ್ಚಾಗುವ ಪುಸ್ತಕ ಅದು. ಮುಗಿದರೆ ಮರುಮುದ್ರಣಕ್ಕೆ ಎಷ್ಟು ವರ್ಷವೋ. ಬೇಕು ಅನಿಸಿದ್ದನ್ನು ಆಗಲೇ ತೆಗೆದುಕೊಳ್ಳಿ. ಅಷ್ಟೇನೂ ಅವಸರ ಇಲ್ಲದ್ದನ್ನು ನವೆಂಬರ್‌ಗೆ ಪಟ್ಟಿ ಮಾಡಿಡಿ, ರಾಜ್ಯೋತ್ಸವಕ್ಕೆ ಎಷ್ಟೋ ಕಡೆ ರಿಯಾಯಿತಿ ಇರುತ್ತದೆ. ತುಂಬಾ ಹಳೆಯದಾದರೆ ಇಂಟರ್ನೆಟ್ ಆರ್ಕೈವ್‌ನಲ್ಲಿ ಸ್ಕ್ಯಾನ್ ಇದೆಯಾ ಅಂತ ಮೊದಲು ನೋಡಿ. ಹೊರದೇಶದಲ್ಲಿ ಇರುವವರಿಗೆ ಮೈಲ್ಯಾಂಗ್‌ನಂಥ ಆ್ಯಪ್‌ನಲ್ಲಿ ಇಬುಕ್ ತೆಗೆದುಕೊಳ್ಳುವುದೇ ಸಲೀಸು.

ಪ್ರಕಾಶಕರಿಂದ ನೇರವಾಗಿ ತರಿಸುವುದಾದರೆ ಒಂದೊಂದೇ ತರಿಸಬೇಡಿ. 2024ರ ಡಿಸೆಂಬರ್‌ನಲ್ಲಿ ಅಂಚೆ ಇಲಾಖೆ ಪುಸ್ತಕಗಳನ್ನು ಕಡಿಮೆ ದರದಲ್ಲಿ ಕಳಿಸುವ ರಿಜಿಸ್ಟರ್ಡ್ ಬುಕ್ ಪೋಸ್ಟ್ ನಿಲ್ಲಿಸಿದ ಮೇಲೆ ಕಳಿಸುವ ಖರ್ಚು ಏರಿದೆ. ನೂರಿಪ್ಪತ್ತು ರೂಪಾಯಿಯ ಕವನ ಸಂಕಲನಕ್ಕೆ ಅರವತ್ತು ಎಪ್ಪತ್ತು ಅಂಚೆಗೇ ಹೋದರೆ ಹೊಟ್ಟೆ ಉರಿಯುತ್ತದೆ. ನಾಲ್ಕು ಒಟ್ಟಿಗೆ ತರಿಸಿ, ಇಲ್ಲವೇ ಪಕ್ಕದ ಮನೆಯವರನ್ನೂ ಸೇರಿಸಿಕೊಳ್ಳಿ.

ಆನ್‌ಲೈನ್‌ನಲ್ಲಿ ತುಂಬಾ ಅಗ್ಗ ಕಂಡರೆ ಮಾರುವವರ ಹೆಸರು ನೋಡಿ. ನಾನು ಒಮ್ಮೆ ಅರ್ಧ ಬೆಲೆಗೆ ಅಂತ ತರಿಸಿದ ಪುಸ್ತಕ ಪೈರೇಟೆಡ್. ಬಿಚ್ಚಿದ ಕೂಡಲೇ ಗೊತ್ತಾಯಿತು: ಹಾಳೆ ತೆಳ್ಳಗೆ, ಹಿಂದಿನ ಪುಟದ ಅಕ್ಷರ ಈ ಕಡೆ ಕಾಣುತ್ತಿತ್ತು, ಸಾಲುಗಳು ಒಂದು ಕಡೆ ವಾಲಿದ್ದವು, ಮುಖಪುಟದ ಹೆಸರಿನ ಮೇಲೆ ಬೆರಳಾಡಿಸಿದರೆ ಉಬ್ಬು ಇರಬೇಕಾದ ಕಡೆ ನುಣುಪು. ಮಧ್ಯೆ ಹದಿನಾರು ಪುಟ ಎರಡು ಸಲ ಬಂದಿದ್ದವು, ಅವುಗಳ ನಂತರದ ಹದಿನಾರು ಪುಟ ಇರಲೇ ಇಲ್ಲ. ಅಂಥದ್ದಕ್ಕೆ ಪುಸ್ತಕದ ಪುಟದಲ್ಲಿ ಒಂದು ಸ್ಟಾರ್ ಕೊಡಬೇಡಿ ದಯವಿಟ್ಟು. ಕಾಗದ ಕೆಟ್ಟದ್ದು, ಡೆಲಿವರಿ ತಡ, ಮೂಲೆ ಮಡಚಿದೆ, ಇವೆಲ್ಲ ಮಾರಿದವರ ಲೆಕ್ಕಕ್ಕೆ ಹೋಗಬೇಕು. ಬರೆದವರು ಏನು ಮಾಡಿದ್ದಾರೆ ಪಾಪ.

ನೀವೇ ರಿವ್ಯೂ ಬರೆಯುವಾಗ ಪುಸ್ತಕ ಪುಕ್ಕಟೆ ಬಂದಿದ್ದರೆ, ಲೇಖಕರು ಪರಿಚಯದವರಾಗಿದ್ದರೆ ಮೊದಲ ಸಾಲಿನಲ್ಲೇ ಹೇಳಿಬಿಡಿ. ಹಿಡಿಸದಿದ್ದರೆ ಯಾಕೆ ಅಂತ ಒಂದು ಜಾಗ ತೋರಿಸಿ ಬರೆಯಿರಿ, ಆದರೆ ಲೇಖಕರನ್ನು ಟ್ಯಾಗ್ ಮಾಡಬೇಡಿ. ಊಟ ಹಿಡಿಸಲಿಲ್ಲ ಅಂತ ಅಡುಗೆ ಮನೆಗೇ ನುಗ್ಗಿ ಹೇಳಿದ ಹಾಗಾಗುತ್ತದೆ. ನೀವು ಲೇಖಕರಾಗಿದ್ದರೆ ಒಂದು ಸ್ಟಾರ್‌ಗೆ ಉತ್ತರ ಬರೆಯಲು ಕೂರಬೇಡಿ, ಬೇರೆ ಹೆಸರಲ್ಲಿ ನಿಮ್ಮನ್ನೇ ಹೊಗಳಿಕೊಳ್ಳಲಂತೂ ಹೋಗಲೇಬೇಡಿ. 2012ರಲ್ಲಿ ಇಂಗ್ಲೆಂಡಿನ ಪತ್ತೇದಾರಿ ಕಾದಂಬರಿಕಾರರೊಬ್ಬರು ಹೀಗೆ ಮಾಡಿ ಸಿಕ್ಕಿಬಿದ್ದು ಕ್ಷಮೆ ಕೇಳಿದರು. ಪತ್ತೇದಾರಿ ಬರೆಯುವವರೇ!

ಕೊನೆಗೆ ನನ್ನ ಆ ಕಾದಂಬರಿ. ಎರಡು ಸ್ಟಾರ್ ಕೊಡೋಣ ಅಂತ ಕೈ ಹೋಗಿತ್ತು. ಮೂವತ್ತು ಪುಟಕ್ಕೆ ಸ್ಟಾರ್ ಕೊಡುವುದು ಸರಿಯಲ್ಲ ಅನಿಸಿ, ಸ್ಟಾರ್ ಖಾಲಿ ಬಿಟ್ಟು, ಎಲ್ಲಿ ನಿಲ್ಲಿಸಿದೆ, ಯಾಕೆ ನಿಲ್ಲಿಸಿದೆ ಅಂತ ನಾಲ್ಕು ಸಾಲು ಬರೆದೆ. ಸ್ಟಾರ್ ಇಲ್ಲದ್ದು ಲೆಕ್ಕಕ್ಕೆ ಬರುವುದಿಲ್ಲ. 4.82 ಹಾಗೇ ಇದೆ.