ಸ್ಪ್ರಿಂಕ್ಲರ್ ಪೈಪಿನ ಮೇಲೆ ಓಡಿದ ಕ್ಯಾಮೆರಾ

ನಮ್ಮ ಕಿರುಚಿತ್ರಕ್ಕೆ ಒಂದು ಶಾಟ್ ಬೇಕೇ ಬೇಕಿತ್ತು. ಬೆಳಗಿನ ಮಂಜಿನಲ್ಲಿ ಅಜ್ಜಿ ಕಣದ ತುಂಬಾ ಹರಡಿದ ಕಾಫಿ ಹಣ್ಣನ್ನು ಕೆದಕುತ್ತಾ ಹೋಗುತ್ತಾರೆ, ಕ್ಯಾಮೆರಾ ಅವರ ಜೊತೆಗೇ ಮೆಲ್ಲಗೆ ಸರಿಯುತ್ತೆ. ಕೈಯಲ್ಲಿ ಹಿಡಿದು ನಡೆದು ನೋಡಿದೆ. ಹೆಜ್ಜೆ ಹೆಜ್ಜೆಗೂ ಚಿತ್ರ ಕುಲುಕಾಡಿತು. ಕ್ಯಾಮೆರಾ ಇಟ್ಟು ಓಡಿಸುವ ಟ್ರ್ಯಾಕ್, ಟ್ರಾಲಿಯನ್ನು ಮೈಸೂರಿನಿಂದ ಸೋಮವಾರಪೇಟೆಗೆ ಬಾಡಿಗೆಗೆ ತರಿಸುವಷ್ಟು ದುಡ್ಡು ಇರಲಿಲ್ಲ.

ಹಳಿ ನಮ್ಮ ಶೆಡ್ಡಿನಲ್ಲೇ ಬಿದ್ದಿತ್ತು. ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿ ಹೂ ಅರಳಲು ಬೇಕಾದ ಹೂಮಳೆ ಕೈಕೊಟ್ಟರೆ ತೋಟಕ್ಕೆ ನೀರು ಹಾಯಿಸುವ ಅಲ್ಯೂಮಿನಿಯಂ ಸ್ಪ್ರಿಂಕ್ಲರ್ ಪೈಪು. ಕೊಯ್ಲಿನ ಸಮಯದಲ್ಲಿ ಅದಕ್ಕೆ ಕೆಲಸ ಇರಲ್ಲ. ಎಲ್ಲೂ ನಜ್ಜಿರದ ಎರಡು ಪೈಪು ಆರಿಸಿಕೊಂಡೆ.

ಚಕ್ರಕ್ಕೆ ಹಳೆಯ ಸ್ಕೇಟಿಂಗ್ ಚಕ್ರಗಳು. ಅವುಗಳ ಬೇರಿಂಗಿನ ತೂತು 8 ಮಿಲಿಮೀಟರ್, ಹಾಗಾಗಿ 8ರ ಬೋಲ್ಟ್ ಸರಿಯಾಗಿ ಕೂರುತ್ತೆ. ಕಬ್ಬಿಣದ ಆಂಗಲ್ ತುಂಡಿಗೆ, ಅಂದರೆ L ಆಕಾರದ ಪಟ್ಟಿಗೆ, ಬದಿಗೆ ಒಂದರಂತೆ ಎರಡು ಚಕ್ರ ಓರೆಯಾಗಿ ಕೂರಿಸಿದೆ. ಎರಡೂ ಸೇರಿ ಪೈಪನ್ನು ಅಕ್ಕಪಕ್ಕದಿಂದ ತಬ್ಬಿ ಹಿಡಿಯುತ್ತವೆ, ಟ್ರಾಲಿ ಹಳಿ ತಪ್ಪಲ್ಲ.

ಹಲಗೆ ಸಿಲ್ವರ್ ಓಕ್‌ದು. ಮೊದಲು ನಾಲ್ಕು ಮೂಲೆಗೂ ಒಂದೊಂದು ಜೋಡಿ ಚಕ್ರ ಹಾಕಿದ್ದೆ. ಹಸಿ ಮರ, ಎರಡೇ ವಾರದಲ್ಲಿ ಸೊಟ್ಟಗಾಯಿತು. ಒಂದು ಮೂಲೆ ಮೇಲೆದ್ದು ಟ್ರಾಲಿ ಕಟಕಟ ಅಲ್ಲಾಡತೊಡಗಿತು. ಹಲಗೆ ಬದಲಾಯಿಸಲು ಹೊರಟಾಗ ಎದುರಿಗೇ ಟ್ರೈಪಾಡ್ ನಿಂತಿತ್ತು. ಅದಕ್ಕೆ ಮೂರೇ ಕಾಲು, ನೆಲ ಎಷ್ಟೇ ಏರುಪೇರಿದ್ದರೂ ಕುಂಟಲ್ಲ, ಅಲ್ವಾ? ಒಂದು ಬದಿಯ ಎರಡೂ ಜೋಡಿ ಬಿಚ್ಚಿ, ನಡುವೆ ಒಂದೇ ಜೋಡಿ ಹಾಕಿದೆ. ಅದೇ ಸೊಟ್ಟ ಹಲಗೆ, ಆದರೆ ಅಲ್ಲಾಟ ಪೂರ್ತಿ ನಿಂತಿತು. ಅವತ್ತಿನ ಖುಷಿ ಈಗಲೂ ನೆನಪಿದೆ.

ಕ್ಯಾಮೆರಾ ಕೂರಿಸುವ ಬೋಲ್ಟ್ ಮಾತ್ರ ಸುಮ್ನೆ ಕೈಗೆ ಸಿಕ್ಕಿದ್ದು ಹಾಕಬೇಡಿ. ಬೇಕಾದದ್ದು ಕಾಲು ಇಂಚಿನದು, ಇಂಚಿಗೆ 20 ಸುತ್ತು ಮರೆ (ಥ್ರೆಡ್) ಇರುವಂಥದ್ದು. 6 ಮಿಲಿಮೀಟರಿನದು ನೋಡಲು ಹಾಗೇ ಇರುತ್ತೆ, ಆದರೆ ಸಡಿಲ, ಮರೆಯೂ ಹೊಂದಲ್ಲ. ನಾನು ಅದನ್ನೇ ಬಿಗಿದು ಗೆಳೆಯನ ಕ್ಯಾಮೆರಾದ ತಳ ಕೆಡಿಸಿಬಿಟ್ಟೆ. ರಿಪೇರಿ ಮಾಡಿಸಿಕೊಟ್ಟರೂ ಆ ಬೇಸರ ಹೋಗಿಲ್ಲ.

ಬರೀ ಟ್ರಾಲಿ ತುಂಬಾ ಹಗುರ, ಪೈಪಿನ ಮೇಲಿನ ಮಣ್ಣಿನ ಕಣವನ್ನೂ ಚಿತ್ರ ತೋರಿಸುತ್ತಿತ್ತು. 15 ಕಿಲೋದಷ್ಟು ಮರಳಿನ ಚೀಲ ಇಟ್ಟ ಮೇಲೆ ಮೈ ತುಂಬಿದ ಹಾಗೆ ಓಡಿತು. ಕೈಯಿಂದ ತಳ್ಳಿದರೆ ಹೊರಡುವಾಗ ಜರ್ಕ್ ಜಾಸ್ತಿ. ಹಗ್ಗ ಕಟ್ಟಿ ಎಳೆದೆವು, ಹಗ್ಗಕ್ಕೂ ಟ್ರಾಲಿಗೂ ನಡುವೆ ಸೈಕಲ್ ಟ್ಯೂಬಿನ ತುಂಡು. ಎಳೆತದ ಜಗ್ಗಾಟವನ್ನೆಲ್ಲ ಟ್ಯೂಬ್ ತಾನೇ ನುಂಗುತ್ತೆ.

ಶಾಟ್ ಮೂರನೇ ಸಲಕ್ಕೆ ಸರಿಯಾಗಿ ಬಂತು. ಚಿಕ್ಕಪ್ಪನ ಮಗ ಹಗ್ಗ ಹಿಡಿದು ಉಸಿರು ಬಿಗಿಹಿಡಿದು ಹಿಂದಕ್ಕೆ ನಡೆಯುತ್ತಿದ್ದ, ಅಜ್ಜಿ ತಮ್ಮ ಪಾಡಿಗೆ ಹಣ್ಣು ಕೆದಕುತ್ತಿದ್ದರು. ಮಂಜು ಕರಗುವ ಮೊದಲೇ ಮುಗಿಯಿತು. ಅವತ್ತೇ ಸಂಜೆ ಪೈಪು ಒರೆಸಿ ಶೆಡ್ಡಿಗೆ ಹಾಕಿದೆವು, ಹೂವಿಗೆ ನೀರು ಬಿಡುವ ದಿನ ಹತ್ತಿರವಾಗಿತ್ತು.